ಎಡಕ್ಕೆ ತಿರುಗಿದ ಕೊಳಲು

ಗಾಜಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಅಚ್ಚುಮನೆಯವರು ಇಟ್ಟದ್ದು. ಅಲ್ಲಿ ಅವಳು ಮೂವತ್ತು ವರ್ಷ ಒಂದು ಗಾಜಿನ ಮೇಜಿನ ಮುಂದೆ ಕೂತಿದ್ದಳು. ಮೇಜಿನ ಹೊಟ್ಟೆಯಲ್ಲಿ ನಾಲ್ಕು ಟ್ಯೂಬ್‌ಲೈಟು, ಮೇಲೆ ಹಾಲಿನ ಬಣ್ಣದ ಗಾಜು, ಗಾಜಿನ ಮೇಲೆ ಪುಟಗಳ ಫಿಲ್ಮು. ಒಂದೊಂದು ಪುಟದ ಫಿಲ್ಮನ್ನೂ ದೊಡ್ಡ ಹಾಳೆಯೊಂದರ ಮೇಲೆ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಜೋಡಿಸಿ, ಅಂಟಿಸಿ, ಪ್ಲೇಟ್ ಮಾಡುವವರಿಗೆ ಕೊಡುವುದು ಅವಳ ಕೆಲಸ. ಅವಳು ಕೊಟ್ಟದ್ದು ಹೇಗಿತ್ತೋ ಪುಸ್ತಕವೂ ಹಾಗೇ ಅಚ್ಚಾಗುತ್ತಿತ್ತು. ಆಮೇಲೆ ತಲೆ ಚಚ್ಚಿಕೊಂಡರೂ ಪ್ರಯೋಜನವಿರಲಿಲ್ಲ.

ಪಕ್ಕದ ಶೆಡ್ಡಿನಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುತ್ತಿದ್ದವನೊಬ್ಬ, ಕೆಳಗಿನಿಂದ ಬೆಳಕು ಬಿದ್ದ ಅವಳ ಮುಖವನ್ನು ಕಿಟಕಿಯಿಂದ ನೋಡಿ ಮರುಳಾಗಿ ಮದುವೆಯಾದ. ಮದುವೆಯಾದ ಮೇಲೆ ಮಾಮೂಲಿ ಬೆಳಕಿನಲ್ಲಿ ನೋಡಿ ಮೋಸ ಹೋದೆ ಎಂದು ಇವತ್ತಿಗೂ ಬಂದವರ ಮುಂದೆಲ್ಲ ದೂರು ಹೇಳುತ್ತಾನೆ. ಲೇತಿನ ಸದ್ದಿಗೆ ಕಿವಿ ಮುಕ್ಕಾಲು ಹೋಗಿರುವುದರಿಂದ ಅವಳು ಕೊಡುವ ಉತ್ತರ ಅವನಿಗೆ ಕೇಳಿಸುವುದಿಲ್ಲ. ಇಬ್ಬರೂ ಸುಖವಾಗಿದ್ದಾರೆ.

ಅಚ್ಚಾದ ಯಾವುದನ್ನೂ ಗಾಜಕ್ಕ ಸುಮ್ಮನೆ ಓದಲಾರಳು. ಔಷಧಿ ಡಬ್ಬಿಯ ಮೇಲಿನ ಗೆರೆ ಸೊಟ್ಟಗಿದ್ದರೆ ಮಾತ್ರೆ ನುಂಗುವ ಮೊದಲು ಗಂಡನನ್ನು ಕರೆದು ತೋರಿಸುತ್ತಾಳೆ. ಮೂಲೆಯ ಬ್ರೆಡ್ಡಿನ ಅಂಗಡಿಯವನು ಹೊಸ ಬೋರ್ಡು ಹಾಕಿಸಿದಾಗ ಅದರ ಒಂದು ತುದಿ ಒಂದು ಬೆರಳು ಕೆಳಗಿದೆ ಎಂದು ಎರಡು ತಿಂಗಳು ಬಿಡದೆ ಹೇಳಿದಳು. ಅವನು ಬೇಸತ್ತು ಏಣಿ ಹತ್ತಿ ಸರಿಮಾಡಿದ. ಮರುದಿನ ಹೋದವಳು ಈಗ ಇನ್ನೊಂದು ತುದಿ ಕೆಳಗಾಗಿದೆ ಎಂದಳು. ತಪ್ಪು ಕಂಡೂ ಬಿಟ್ಟುಬಿಡುವುದು ಅವಳ ಜಾಯಮಾನದಲ್ಲೇ ಇಲ್ಲ. ಅಂಥವಳು ಒಂದು ತಪ್ಪನ್ನು ನಲವತ್ತನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು ಎಂದರೆ ಆ ಬ್ರೆಡ್ಡಿನವನಂತೂ ನಂಬಲಾರ.

ಅದು ಹೊರಗೆ ಬರುವ ಕಾಲ ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ. ಪ್ರಕಾಶನದಿಂದ ಒಬ್ಬ ಹುಡುಗಿ ಬಂದಳು. ಹುಡುಗಿ ಎಂದರೆ ಮೂವತ್ತರ ಆಸುಪಾಸು, ಹೆಗಲಲ್ಲಿ ತನಗಿಂತ ಭಾರದ ಚೀಲ. ಚೀಲದಿಂದ ಹಳೆಯ ಚಿತ್ರಕಥೆಯ ಪುಸ್ತಕವೊಂದನ್ನು ತೆಗೆದು, ಹಸುಗೂಸನ್ನು ಮಲಗಿಸುವ ಹಾಗೆ ಮೇಜಿನ ಮೇಲಿಟ್ಟಳು. ‘ಗಾಳಿಗೆ ದನಿ ತಂದವನು’. ರಕ್ಷಾಪುಟ ಮಾತ್ರ ಬಣ್ಣದ್ದು, ಒಳಗೆಲ್ಲ ಕಪ್ಪು ಬಿಳುಪು. ಅದನ್ನು ಕಂಡದ್ದೇ ಗಾಜಕ್ಕನಿಗೆ ಗುರುತು ಹತ್ತಿತು. ಆದರೆ ಮುಖದಲ್ಲಿ ತೋರಿಸಿಕೊಳ್ಳದೆ ಚಹಾಕ್ಕೆ ನೀರಿಟ್ಟಳು.

ಚಿಕ್ಕವರಿದ್ದಾಗ ಇದನ್ನು ಓದಿದವರೆಲ್ಲ ಈಗ ನಡುವಯಸ್ಸಿಗೆ ಬಂದು, ಮತ್ತೆ ಅಚ್ಚು ಹಾಕಿ ಎಂದು ಪ್ರಕಾಶನದ ಬೆನ್ನು ಬಿದ್ದಿದ್ದರಂತೆ. ದಪ್ಪ ಕಾಗದದಲ್ಲಿ, ಗಟ್ಟಿ ರಟ್ಟಿನಲ್ಲಿ ಬರಲಿದೆಯಂತೆ. ಹುಡುಗಿ ತನ್ನ ಅಪ್ಪನ ತೊಡೆಯ ಮೇಲೆ ಕೂತು ಇದೇ ಪ್ರತಿಯನ್ನು ಓದಿದವಳು. ಆ ಕಾಲ ಎಷ್ಟು ಚೆನ್ನಾಗಿತ್ತು ಅಲ್ಲವೇ, ಎಲ್ಲ ಕೈಯಲ್ಲೇ ಮಾಡುತ್ತಿದ್ದಿರಿ, ಎಷ್ಟು ಪ್ರೀತಿಯಿಂದ ಮಾಡುತ್ತಿದ್ದಿರಿ ಎಂದು ಕಣ್ಣರಳಿಸಿ ಕೇಳಿದಳು. ಗಾಜಕ್ಕನಿಗೆ ನೆನಪಾದದ್ದು ಮೂಗು ಸುಡುವ ರಾಸಾಯನಿಕದ ವಾಸನೆ, ಸಂಜೆಯಾಗುವ ಹೊತ್ತಿಗೆ ಮೆಣಸಿನಪುಡಿ ಬಿದ್ದಂತೆ ಉರಿಯುತ್ತಿದ್ದ ಕಣ್ಣು, ಚಿಲಕವಿಲ್ಲದ ಹೆಂಗಸರ ಕಕ್ಕಸು. ಇವಳ ಅಪ್ಪನ ತೊಡೆಯ ನೆನಪನ್ನು ಯಾಕೆ ಹಾಳುಮಾಡಬೇಕೆಂದು ಹೂಂಗುಟ್ಟಿದಳು.

ಹುಡುಗಿ ವಿಷಯಕ್ಕೆ ಬಂದಳು. ಓದಿದವರೆಲ್ಲ ಮರೆಯದೆ ನೆನೆಯುವ ಪುಟ ಇಪ್ಪತ್ತೇಳನೆಯದು. ಅಲ್ಲಿ ಮಾತಿಲ್ಲ, ಪುಟದ ತುಂಬ ಒಂದೇ ಚಿತ್ರ. ಬೆಟ್ಟದ ತುದಿಯಲ್ಲಿ ನಾಯಕ ಕೊಳಲು ನುಡಿಸುತ್ತಿದ್ದಾನೆ. ಕೆಳಗೆ ಬಹುದೂರದ ಹೊಳೆದಂಡೆಯಲ್ಲಿ ಒಬ್ಬ ಹೆಂಗಸು ತಲೆಯೆತ್ತಿ ಕೇಳುತ್ತಿದ್ದಾಳೆ. ಗೆರೆಗಳೆಲ್ಲ ಒಂದಿಷ್ಟು ಮಂಜಿನಲ್ಲಿ ನೆನೆದ ಹಾಗೆ ಮೆತ್ತಗಿವೆ. ಬೇರೆಲ್ಲ ಪುಟಗಳಲ್ಲಿ ಕೊಳಲು ಅವನ ಬಲಕ್ಕೆ ಚಾಚಿದ್ದರೆ ಇಲ್ಲಿ ಮಾತ್ರ ಎಡಕ್ಕೆ ಚಾಚಿದೆ. ಚಿತ್ರಗಾರರು ತೀರಿಕೊಂಡು ಹತ್ತು ವರ್ಷ. ಅವರ ಮನೆಯಲ್ಲಿ ಸಿಕ್ಕ ಮೂಲ ಚಿತ್ರದಲ್ಲಿ ಆ ಪುಟದ ಕೊಳಲೂ ಬಲಕ್ಕೇ ಇದೆ.

"ತಪ್ಪಾಗಿದ್ರೆ ಈ ಸಲ ತಿದ್ದಿಬಿಡ್ತೀವಿ, ಬೇಕಂತ ಮಾಡಿದ್ದಾದ್ರೆ ಹಾಗೇ ಬಿಡ್ತೀವಿ" ಎಂದಳು ಹುಡುಗಿ. "ಬೇಕಂತಲೇ ಮಾಡಿದ್ದು ಅಂತ ನಿಮ್ಮ ತಮ್ಮ ನಾವು ಬರೆಸಿದ ಮುನ್ನುಡಿಯಲ್ಲಿ ಬರೆದಿದ್ದಾರೆ. ನೀವು ಒಂದು ಸಲ ಓದಿ ಹೌದು ಅಂದ್ರೆ ಸಾಕು."

ಅವಳು ಬಿಟ್ಟುಹೋದ ಮುನ್ನುಡಿಯ ಎರಡು ಹಾಳೆಗಳನ್ನು ಗಾಜಕ್ಕ ಅಡುಗೆಮನೆಯ ಕಟ್ಟೆಗೊರಗಿ ನಿಂತು ಓದಿದಳು. ಸೋಮವಾರ ಹೇಳುತ್ತೇನೆ ಎಂದು ಹುಡುಗಿಯನ್ನು ಕಳಿಸಿದ್ದಳು.

ಅವಳ ತಮ್ಮನನ್ನು ಊರವರು ಎಡಗೊಳಲ ಮೇಷ್ಟ್ರು ಎನ್ನುತ್ತಾರೆ. ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು. ಅವನು ಹುಟ್ಟುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ದುಡಿದು ದಣಿದಿದ್ದರು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಇವಳೇ. ಹನ್ನೊಂದು ವರ್ಷದವನಿದ್ದಾಗ ಶಾಲೆಯ ಕೊಳಲು ತರಗತಿಗೆ ಸೇರಿದ. ಹುಡುಗ ಎಡಚ, ಕೊಳಲನ್ನು ಎಡಕ್ಕೆ ಹಿಡಿಯುತ್ತಿದ್ದ. ತರಗತಿಯಲ್ಲಿ ಹದಿನಾಲ್ಕು ಮಕ್ಕಳು ಒಂದೇ ಬೆಂಚಿನಲ್ಲಿ ಒತ್ತೊತ್ತಾಗಿ ಕೂರಬೇಕು. ಹದಿಮೂರು ಕೊಳಲು ಒಂದು ಕಡೆ, ಇವನದೊಂದು ಇನ್ನೊಂದು ಕಡೆ ಆದರೆ ಪಕ್ಕದವನ ಕೊಳಲಿಗೆ ಟಕ್ ಎಂದು ತಗಲುತ್ತಿತ್ತು. ಶಾಲೆಯ ಕೊಳಲು ಮೇಷ್ಟ್ರು ಕೆಟ್ಟವರೇನಲ್ಲ, ಹದಿನಾಲ್ಕು ಕೊಳಲು ಕೇಳಿ ತಲೆನೋವು ಹತ್ತಿದವರು. ಎಲ್ಲರ ಹಾಗೆ ಹಿಡಿ, ಇಲ್ಲದಿದ್ದರೆ ಬರಬೇಡ ಎಂದುಬಿಟ್ಟರು. ಬಲಕ್ಕೆ ಹಿಡಿದರೆ ಹುಡುಗನ ಬೆರಳು ಮರಗಟ್ಟಿದಂತಾಗಿ, ಉಸಿರು ಮಾತ್ರ ಹೊರಬರುತ್ತಿತ್ತು. ಅವನು ಕೊಳಲನ್ನು ಹಳೆಯ ಬಟ್ಟೆಗಳ ಪೆಟ್ಟಿಗೆಯ ತಳಕ್ಕೆ ತುರುಕಿ, ಇನ್ನು ಮುಟ್ಟುವುದಿಲ್ಲ ಎಂದ. ಅಪ್ಪ ಸರಿ ಎಂದರು. ಅಮ್ಮ ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ.

ಅದೇ ವಾರ ಗಾಜಕ್ಕನ ಮೇಜಿಗೆ ಈ ಚಿತ್ರಕಥೆಯ ಫಿಲ್ಮುಗಳು ಬಂದವು. ಫಿಲ್ಮಿಗೆ ಎರಡು ಬದಿ, ಒಂದು ಹೊಳಪು, ಒಂದು ಮಂಕು. ಯಾವ ಬದಿ ಮೇಲಿರಬೇಕೋ ಅದೇ ಇರಬೇಕು, ಇಲ್ಲದಿದ್ದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಅಚ್ಚಾಗುತ್ತದೆ. ಅಕ್ಷರಗಳಿರುವ ಪುಟದಲ್ಲಿ ಈ ಭಯವಿಲ್ಲ, ತಿರುಗಿದ ಅಕ್ಷರ ಕುರುಡನಿಗೂ ಕಾಣುತ್ತದೆ. ಅಕ್ಷರವಿಲ್ಲದ ಪುಟ ಬಂದರೆ ಮೂಲೆಯನ್ನು ಬ್ಲೇಡಿನಿಂದ ಒಂಚೂರು ಕೆರೆದು, ಪುಡಿ ಎದ್ದರೆ ಇದೇ ಮಂಕು ಬದಿ ಎಂದು ಖಾತ್ರಿ ಮಾಡಿಕೊಳ್ಳಬೇಕು. ಇಪ್ಪತ್ತೇಳನೆಯ ಪುಟವನ್ನು ಅವಳು ಕೆರೆದು ನೋಡಲಿಲ್ಲ. ಪುಟಸಂಖ್ಯೆಯನ್ನು ಬೇರೆಯಾಗಿ ಅಂಟಿಸುತ್ತಿದ್ದರಿಂದ ಅದೂ ಅವಳನ್ನು ಎಚ್ಚರಿಸಲಿಲ್ಲ. ಫಿಲ್ಮು ಬೋರಲಾಗಿ ಕೂತಿತು. ಮಂಕು ಬದಿ ಪ್ಲೇಟಿಗೆ ತಾಗದೆ ಗೆರೆಗಳು ಮೆತ್ತಗಾದವು. ಅದನ್ನೇ ಓದುಗರು ನಲವತ್ತನಾಲ್ಕು ವರ್ಷ ಮಂಜು ಎಂದು ಕೊಂಡಾಡಿದ್ದು.

ಪುಸ್ತಕವೆಲ್ಲ ಅಚ್ಚಾದ ಮೇಲೆ ಫೋರ್‌ಮನ್ ಕಣ್ಣಿಗೆ ಬಿತ್ತು. ಅವನು ಎಲ್ಲರೆದುರು ಅವಳನ್ನು ನಿಲ್ಲಿಸಿ, ಕಣ್ಣು ಎಲ್ಲಿಟ್ಟಿದ್ದೆ ಎಂದು ಕಿರುಚಿದ. ಒಂದು ತಿಂಗಳು ಗಾಜಿನ ಮೇಜಿನಿಂದ ಎಬ್ಬಿಸಿ ಹಾಳೆ ಮಡಿಸುವ ಕಡೆಗೆ ಹಾಕಿದ. ಆ ಸಂಜೆ ಅಂಚು ಹರಿದ ಒಂದು ಪ್ರತಿಯನ್ನು ಅವಳು ಮನೆಗೆ ತಂದಿದ್ದಳು. ತಮ್ಮ ಪುಟ ತಿರುವುತ್ತಾ ಹೋದವನು ಇಪ್ಪತ್ತೇಳರಲ್ಲಿ ನಿಂತುಬಿಟ್ಟ. ಪುಸ್ತಕವನ್ನು ಹಿಂದೆ ಮುಂದೆ ತಿರುವಿ, ಬೇರೆಲ್ಲ ಪುಟಗಳನ್ನೂ ನೋಡಿದ. ಆಮೇಲೆ ಬಂದು ಅವಳ ಸೊಂಟ ಅಪ್ಪಿಕೊಂಡು, ನನಗೋಸ್ಕರ ಮಾಡಿದ್ದಾ ಎಂದು ಕೇಳಿದ. ಇಡೀ ದಿನ ಬೈಸಿಕೊಂಡು ಬಂದವಳಿಗೆ ಅದೊಂದು ಅಪ್ಪುಗೆ ಬೇಕಾಗಿತ್ತು. ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ, ಅವನ ತಲೆ ಸವರಿದಳು.

ಮರುದಿನ ಹುಡುಗ ಪುಸ್ತಕವನ್ನು ಒಯ್ದು ಮೇಷ್ಟ್ರಿಗೆ ತೋರಿಸಿದ. ಗಾಳಿಗೆ ದನಿ ತಂದವನೇ ಎಡಕ್ಕೆ ಹಿಡಿದಿದ್ದಾನೆ, ನಾನು ಯಾಕೆ ಹಿಡಿಯಬಾರದು ಎಂದ. ಮೇಷ್ಟ್ರು ನಕ್ಕು, ಅವನನ್ನು ಬೆಂಚಿನ ಕೊನೆಗೆ ಕೂರಿಸಿದರು. ಅಲ್ಲಿ ಅವನ ಕೊಳಲು ಯಾರಿಗೂ ತಗಲುತ್ತಿರಲಿಲ್ಲ. ಇಷ್ಟು ಸುಲಭದ ಉಪಾಯ ಅಷ್ಟು ದಿನ ಯಾರ ತಲೆಗೂ ಹೊಳೆದಿರಲಿಲ್ಲ.

ಅಲ್ಲಿಂದ ಮುಂದೆ ತಮ್ಮ ಈ ಕಥೆಯನ್ನು ಗೆಳೆಯರಿಗೆ ಹೇಳಿದ, ಮದುವೆಯಾದ ಮೇಲೆ ಹೆಂಡತಿಗೆ ಹೇಳಿದ, ವೇದಿಕೆಗಳ ಮೇಲೆ ಹೇಳಿದ. ಪ್ರತಿ ಸಲ ಒಂದಿಷ್ಟು ಹೊಸದು ಸೇರಿಕೊಂಡಿತು. ಅಕ್ಕ ಬೇಕೆಂದೇ ಫಿಲ್ಮು ತಿರುಗಿಸಿದಳು ಎಂಬುದು ಮೊದಲು. ಆಮೇಲೆ, ಕೆಲಸ ಹೋದರೂ ಸರಿ ಎಂದು ತಿರುಗಿಸಿದಳು. ಆಮೇಲೆ, ಚಿತ್ರಗಾರರ ಕಾಲಿಗೆ ಬಿದ್ದು ಒಪ್ಪಿಸಿದಳು. ಗಾಜಕ್ಕ ಪ್ರತಿ ಸಲವೂ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಮಾತು ತಾನೇ, ಗಾಳಿಯಲ್ಲಿ ಹೋಗುತ್ತದೆ ಎಂದುಕೊಂಡಳು. ಈಗ ಅದು ಅಚ್ಚಾಗಲಿತ್ತು.

ಶನಿವಾರ ಮನೆಗೆಲಸ ಮುಗಿಸಿ, ಹುಡುಗಿ ಬಿಟ್ಟುಹೋಗಿದ್ದ ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಅದೇ ಮೊದಲ ಸಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಅಚ್ಚುಮನೆಯ ಹಾಳೆಯ ಮೇಲೆ ಪುಟಗಳು ಕಥೆಯ ಪ್ರಕಾರ ಬರುವುದಿಲ್ಲ. ಒಂದರ ಪಕ್ಕ ಹದಿನಾರು, ಅದರ ತಲೆಯ ಮೇಲೆ ಒಂಬತ್ತು, ಅರ್ಧ ಪುಟಗಳು ತಲೆಕೆಳಗು. ಮೂವತ್ತು ವರ್ಷ ನೂರಾರು ಪುಸ್ತಕ ಅವಳ ಕೈಯಲ್ಲಿ ಹಾದುಹೋದವು, ಒಂದರ ಕಥೆಯೂ ಅವಳಿಗೆ ಗೊತ್ತಿಲ್ಲ.

ಕಥೆ ಹೀಗಿತ್ತು. ಜಗತ್ತು ಹುಟ್ಟಿದ ಹೊಸದರಲ್ಲಿ ಗಾಳಿಗೆ ಸದ್ದಿರಲಿಲ್ಲ. ದೋಣಿಯವನ ಮಗನೊಬ್ಬ ಏಳು ಬೆಟ್ಟ ದಾಟಿ ಗಾಳಿಯ ತಾಯಿಯ ಬಳಿಗೆ ಹೋಗಿ ದನಿ ಬೇಡುತ್ತಾನೆ. ಅವಳು ಒಂದು ಕೊಳಲು ಕೊಟ್ಟು, ಒಂದು ಹಾಡು ನುಡಿಸಿದರೆ ನಿನ್ನ ಒಂದು ದಿನದ ನೆನಪು ಹೋಗುತ್ತದೆ, ಒಪ್ಪಿಗೆಯೇ ಎಂದು ಕೇಳುತ್ತಾಳೆ. ಅವನು ಒಪ್ಪಿ ನುಡಿಸುತ್ತಾ ನಡೆಯುತ್ತಾನೆ. ಹುಲ್ಲಿಗೆ, ಎಲೆಗೆ, ನೀರಿಗೆ ಸದ್ದು ಬರುತ್ತದೆ. ಅವನಿಗೆ ದೋಣಿ, ಮನೆಯ ದಾರಿ, ಅಪ್ಪನ ಮುಖ ಒಂದೊಂದೇ ಮರೆಯುತ್ತದೆ. ಕೊನೆಗೆ ತಾಯಿ ಜೋಗುಳ ಹಾಡಿದ ದಿನವೊಂದು ಉಳಿಯುತ್ತದೆ. ಇಪ್ಪತ್ತೇಳನೆಯ ಪುಟದಲ್ಲಿ ಅದನ್ನೂ ನುಡಿಸಿಬಿಡುತ್ತಾನೆ.

ಗಾಜಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಮಕ್ಕಳ ಪುಸ್ತಕ ಓದಿ ಅತ್ತಳು, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ಆಮೇಲೆ ಅವಳಿಗೆ ಒಂದು ಯೋಚನೆ ಬಂತು. ಹಳೆಯದನ್ನು ನೆನೆಸಿಕೊಂಡರೆ ಅದು ನಮ್ಮ ಹತ್ತಿರ ಉಳಿಯುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ತಮ್ಮ ತನ್ನ ಎಡಗೊಳಲಿನ ಕಥೆ ಹೇಳಿದಾಗಲೆಲ್ಲ ಕೇಳುವವರ ಕಣ್ಣು ತುಂಬಿ ಬರುತ್ತಿತ್ತು, ಅದರ ಜೊತೆಗೇ ನಿಜವಾದ ಆ ದಿನ ಒಂದಿಷ್ಟು ಸವೆದು ಹೋಗುತ್ತಿತ್ತು. ಫೋರ್‌ಮನ್ನಿನ ಕಿರುಚಾಟ, ತನ್ನ ಅವಮಾನ, ಕೆರೆಯದೆ ಬಿಟ್ಟ ಆ ಫಿಲ್ಮಿನ ಮೂಲೆ, ಎಲ್ಲ ಮಸುಕಾಗಿದ್ದವು. ಎಷ್ಟರಮಟ್ಟಿಗೆ ಎಂದರೆ, ನಾನು ಬೇಕೆಂದೇ ಮಾಡಿದ್ದಿರಬಹುದೇ ಎಂದು ಕೆಲವು ಸಲ ಅವಳಿಗೇ ಅನ್ನಿಸುತ್ತಿತ್ತು. ಅಚ್ಚಾಗಿಬಿಟ್ಟರೆ ಆ ದಿನವನ್ನು ಬಲ್ಲವರು ಯಾರೂ ಉಳಿಯುವುದಿಲ್ಲ, ತಾನೂ ಸೇರಿ. ಸುಳ್ಳನ್ನು ಅಚ್ಚಿಗೆ ಕಳಿಸುವುದು ಅವಳಿಂದಾಗದು. ನಿಜ ಹೇಳಿದರೆ ತಮ್ಮನ ಬದುಕಿನಿಂದ ಅತಿ ಸಿಹಿಯಾದದ್ದನ್ನು ಕಿತ್ತುಕೊಂಡಂತೆ. ಏನು ಮಾಡಲಿ ಎಂದು ಗಂಡನನ್ನು ಕೇಳಿದಳು. ಅವನು ಅರ್ಧ ಕೇಳಿಸಿಕೊಂಡು, ಸಕ್ಕರೆ ಖಾಲಿಯಾಗಿದ್ದರೆ ತರುತ್ತೇನೆ ಎಂದು ಚೀಲ ಹಿಡಿದು ಹೊರಟ.

ತಮ್ಮ ಪ್ರತಿ ಭಾನುವಾರ ಬೆಳಗ್ಗೆ ಬರುವವನು, ಈ ಭಾನುವಾರವೂ ಬಂದ. ಐವತ್ತೈದು ವರ್ಷ, ನೆತ್ತಿಯ ಮೇಲೆ ಕೂದಲಿಲ್ಲ, ನಲವತ್ತು ಮಕ್ಕಳಿಗೆ ಪಾಠ ಹೇಳುತ್ತಾನೆ. ಬಂದವನೇ ಮುನ್ನುಡಿ ಹೇಗಿದೆ ಎಂದು ಕೇಳಿದ. ಗಾಜಕ್ಕ ಸುತ್ತಿ ಬಳಸಿ ಹೇಳುವುದನ್ನು ಕಲಿತವಳಲ್ಲ.

"ಆ ಪುಟ ನಾನು ಬೇಕಂತ ತಿರುಗಿಸಿದ್ದಲ್ಲ. ತಪ್ಪಾಗಿತ್ತು" ಎಂದಳು.

ಅವನು ನಕ್ಕ. ಅಕ್ಕನಿಗೆ ಹೊಗಳಿಕೆ ಎಂದರೆ ಸಂಕೋಚ, ಅದಕ್ಕೇ ಹೀಗೆ ಎಂದುಕೊಂಡ. ಅವಳು ಮಂಕು ಬದಿ, ಬ್ಲೇಡು, ಫೋರ್‌ಮನ್, ಹಾಳೆ ಮಡಿಸಿದ ತಿಂಗಳು ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಹೇಳುತ್ತಾ ಹೋದಂತೆ ಅವನ ನಗು ಇಳಿಯಿತು. ಚಹಾದ ಕಪ್ಪನ್ನು ಕೆಳಗಿಟ್ಟ.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಖುಷಿಯಾಗಿದ್ದೆ."

"ಆಮೇಲೆ?"

"ಆಮೇಲೂ ಖುಷಿಯಾಗೇ ಇದ್ದೆಯಲ್ಲೋ."

ಅವನು ಎದ್ದು ಕಿಟಕಿಯ ಹತ್ತಿರ ಹೋದ, ಮತ್ತೆ ಬಂದು ಕೂತ. ಬೈಯುತ್ತಾನೇನೋ ಎಂದು ಗಾಜಕ್ಕ ಕಾದಳು. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನ ಮುಖ ಮಾತ್ರ ಹನ್ನೊಂದು ವರ್ಷದ ಹುಡುಗನದಾಗಿಬಿಟ್ಟಿತ್ತು.

"ಪುಟದ ಮಾತು ಬಿಡು ಅಕ್ಕ" ಎಂದ. "ಆ ಮನೇಲಿ ನಾನು ಕೊಳಲು ಬಿಟ್ಟಾಗ ಯಾರೂ ಯಾಕೆ ಅಂತ ಕೇಳಲಿಲ್ಲ. ನೀನೊಬ್ಬಳು ಗಮನಿಸಿದ್ದೆ ಅಂದ್ಕೊಂಡು ಇಷ್ಟು ವರ್ಷ ಕಳೆದೆ. ಅದೂ ಇಲ್ಲ ಅಂದ ಹಾಗಾಯ್ತು."

ಹಾಗಲ್ಲ ಎನ್ನಬೇಕೆಂದರೆ ಏನೆಂದು ಹೇಳುವುದು? ಸಮಾಧಾನಕ್ಕೆ ಇನ್ನೊಂದು ಸುಳ್ಳು ಸೇರಿಸುವುದು ಗಾಜಕ್ಕನಿಗೆ ಬೇಕಾಗಿರಲಿಲ್ಲ. ಗಂಡ ಪತ್ರಿಕೆಯಿಂದ ತಲೆಯೆತ್ತಿ, ಇಬ್ಬರ ಮುಖವನ್ನೂ ನೋಡಿ, ಯಾರು ತೀರಿಕೊಂಡರು ಎಂದು ಕೇಳಿದ. ಯಾರೂ ಇಲ್ಲ ಎಂದು ಅವಳು ಕೈಯಾಡಿಸಿದಳು.

ತಮ್ಮ ಮತ್ತೆ ಮಾತು ತೆಗೆದ. ದನಿಯಲ್ಲಿ ಈಗ ನೋವಿನ ಜೊತೆ ಸಿಟ್ಟೂ ಇತ್ತು. ಒಂದು ಗೆರೆ ಸೊಟ್ಟಗಿದ್ದರೆ ರಸ್ತೆಯ ಆ ಬದಿಯಿಂದ ಹೇಳುವವಳು ನೀನು, ಅಷ್ಟು ದೊಡ್ಡ ಕೊಳಲು ತಿರುಗಿದ್ದು ನಿನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ ಎಂದ. ಫಿಲ್ಮನ್ನು ನೋಡಲೇ ಇಲ್ಲವಾ ಎಂದು ಕೇಳಿದ.

ನೋಡಿದೆ, ಎಂದಳು ಗಾಜಕ್ಕ. ಚೆನ್ನಾಗಿಯೇ ನೋಡಿದೆ. ಅವಳು ಆ ಮೇಜಿನ ಮುಂದೆ ಮತ್ತೆ ಹೋಗಿ ಕೂತವಳಂತೆ ಒಂದೊಂದೇ ಹೆಜ್ಜೆ ನೆನೆದಳು. ಫಿಲ್ಮನ್ನು ಎತ್ತಿ ಬೆಳಕಿಗೆ ಹಿಡಿದದ್ದು, ಕೆಳಗಿಟ್ಟದ್ದು, ಬ್ಲೇಡನ್ನು ಕೈಗೆತ್ತಿಕೊಂಡದ್ದು. ಕೆರೆಯಲೆಂದು ಬಗ್ಗಿದವಳು ಚಿತ್ರವನ್ನು ನೋಡಿ, ಸರಿಯಾಗಿಯೇ ಇದೆಯಲ್ಲ ಎಂದು ಬ್ಲೇಡನ್ನು ಪಕ್ಕಕ್ಕಿಟ್ಟಿದ್ದಳು. ಅದು ಈಗ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಸಂಶಯವೇ ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ ಎಂದು ಅವಳು ಇಷ್ಟು ವರ್ಷ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಬರೀ ನಾಚಿಕೊಂಡಿದ್ದಳು.

ಈಗ ಕೇಳಿಕೊಂಡಳು. ಉತ್ತರ ಕಷ್ಟದ್ದೇನೂ ಆಗಿರಲಿಲ್ಲ. ಆ ವಯಸ್ಸಿನವರೆಗೆ ಅವಳು ಒಂದು ಸಂಗೀತ ಕಛೇರಿಗೂ ಹೋದವಳಲ್ಲ. ಮನೆಯಲ್ಲಿದ್ದದ್ದು ರೇಡಿಯೋ, ಅದರಲ್ಲಿ ಕೊಳಲು ಕೇಳುತ್ತದೆ, ಕಾಣುವುದಿಲ್ಲ. ಚಿತ್ರಗಳಲ್ಲಿ ಕೊಳಲು ಯಾವ ಕಡೆಗಿದೆ ಎಂದು ಗಮನಿಸಿದವಳಲ್ಲ, ಬೇರೆ ಪುಟಗಳಲ್ಲೂ ಅವಳು ನೋಡುತ್ತಿದ್ದದ್ದು ಅಕ್ಷರವನ್ನಷ್ಟೇ. ಅವಳು ಕಣ್ಣಾರೆ ಕಂಡಿದ್ದು ಒಬ್ಬನನ್ನೇ. ಅಪ್ಪ ಮನೆಯಲ್ಲಿಲ್ಲದಾಗ ತಾರಸಿಯ ನೀರಿನ ತೊಟ್ಟಿಯ ಹಿಂದೆ ನಿಂತು, ಕೈ ಕೇಳಿದಂತೆ ಕೊಳಲು ಹಿಡಿದು ನುಡಿಸುತ್ತಿದ್ದ ಹುಡುಗನನ್ನು.

"ನಾನು ನಿನ್ನ ಬಗ್ಗೆ ಯೋಚನೆ ಮಾಡಿರ್ಲಿಲ್ಲ, ನಿಜ" ಎಂದಳು. "ಮಾಡಿದ್ರೆ ತಪ್ಪು ಗೊತ್ತಾಗ್ತಿತ್ತು. ಕೊಳಲು ನುಡಿಸೋರು ಅಂದ್ರೆ ನನ್ನ ಕಣ್ಣಿಗೆ ನೀನೊಬ್ಬನೇ. ಜಗತ್ತಲ್ಲಿ ಎಲ್ಲರೂ ಹಾಗೇ ಹಿಡೀತಾರೆ ಅಂದ್ಕೊಂಡಿದ್ದೆ. ಅದಕ್ಕೇ ಅದು ಸರಿಯಾಗಿದೆ ಅನ್ನಿಸ್ತು."

ತಮ್ಮ ತಲೆ ತಗ್ಗಿಸಿ ತನ್ನ ಎಡಗೈಯನ್ನು ನೋಡಿದ. ಆಮೇಲೆ ಮೇಜಿನ ಮೇಲಿದ್ದ ಮುನ್ನುಡಿಯ ಹಾಳೆಗಳನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ. ಇದನ್ನು ಮತ್ತೆ ಬರೆಯಬೇಕು, ಇವತ್ತು ಕೇಳಿದ ಹಾಗೆ ಬರೆಯುತ್ತೇನೆ, ಚಿತ್ರಗಾರರ ಕಾಲಿಗೆ ಬಿದ್ದದ್ದನ್ನು ತೆಗೆದುಹಾಕುತ್ತೇನೆ ಎಂದ. ಹಾಗೆನ್ನುವಾಗ ಅಳುತ್ತಲೂ ಇದ್ದ, ನಗುತ್ತಲೂ ಇದ್ದ.

ಸೋಮವಾರ ಹುಡುಗಿಯೇ ಫೋನ್ ಮಾಡಿದಳು. ಅದು ತಪ್ಪೇ, ತನ್ನದೇ ತಪ್ಪು ಎಂದು ಗಾಜಕ್ಕ ಹೇಳಿದಳು. ಹುಡುಗಿಗೆ ನಿರಾಸೆಯಾದದ್ದು ದನಿಯಲ್ಲೇ ತಿಳಿಯಿತು. ಹಾಗಾದರೆ ಮೂಲ ಚಿತ್ರದಂತೆ ತಿದ್ದಿಸಿಬಿಡುತ್ತೇವೆ ಎಂದಳು.

"ಬೇಡಮ್ಮ" ಎಂದಳು ಗಾಜಕ್ಕ. "ತಪ್ಪು ಅಂತ ಮುನ್ನುಡಿಯಲ್ಲಿ ಬರ್ಲಿ. ಚಿತ್ರ ಇದ್ದ ಹಾಗೇ ಇರ್ಲಿ."

ಮೂವತ್ತು ವರ್ಷ ಗಾಜಿನ ಮೇಜಿನ ಮುಂದೆ ಕೂತವಳು, ತಪ್ಪೆಂದು ತಿಳಿದೂ ಒಂದು ಪುಟವನ್ನು ಅಚ್ಚಿಗೆ ಬಿಟ್ಟದ್ದು ಅದೇ ಮೊದಲು.